ಜೈಲಿನ ಕಕ್ಕಸು ತೊಳೆದವರು ಯಾರು?

1

ಬೆಂಗಳೂರಿನಲ್ಲಿ ನ್ಯಾಯ ಕೇಳಬೇಕೆಂದರೆ ಜೈಲಿಗೇ ಹೋಗಬೇಕು. ಇದು ತಮಾಷೆಯ ಮಾತಲ್ಲ. ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಹೆಸರು ಹೊತ್ತು ಜನರಿಗೆ ತೆರೆಯಿತು. 2021ರಲ್ಲಿ ಒಂದು ಪೊಲೀಸ್ ಆದೇಶ ಬಂತು. ನಗರದ ಧರಣಿ, ಸತ್ಯಾಗ್ರಹ, ಪ್ರತಿಭಟನೆಗಳೆಲ್ಲ ಇನ್ನು ಈ ಪಾರ್ಕಿನಲ್ಲೇ ನಡೆಯಬೇಕು ಎಂದಿತು. 2022ರಲ್ಲಿ ಹೈಕೋರ್ಟೂ ಆ ಆದೇಶ ಕಟ್ಟುನಿಟ್ಟಾಗಿ ಜಾರಿಯಾಗಲಿ ಎಂದಿತು. ಟ್ರಾಫಿಕ್ಕಿಗೆ ತೊಂದರೆ ಆಗುತ್ತದಂತೆ! ಟೌನ್‌ಹಾಲ್ ಮೆಟ್ಟಿಲ ಮೇಲೆ, ಮೈಸೂರ್ ಬ್ಯಾಂಕ್ ಸರ್ಕಲ್‌ನಲ್ಲಿ ಕೂಗಿದ ಗಂಟಲುಗಳನ್ನು ಹಿಡಿದು ತಂದು ಹಳೇ ಜೈಲಿನ ಅಂಗಳದಲ್ಲಿ ಕೂರಿಸಿದ್ದಾಯಿತು. ಬೀಗ ಇಲ್ಲ, ಬೇಡಿ ಇಲ್ಲ. ಆದರೂ ಕೂಗು ಆ ಗೋಡೆ ದಾಟಬಾರದು.

ನಾವು ಹತ್ತು ಹನ್ನೆರಡು ಜನ ಅಲ್ಲಿಗೆ ಹೋಗಿದ್ದು ಬಗರ್‌ಹುಕುಂ ಜಮೀನಿಗೆ ಸಾಗುವಳಿ ಚೀಟಿ ಕೇಳುವ ಒಂದು ದಿನದ ಧರಣಿಗೆ. ನಮ್ಮಲ್ಲಿ ರಜೆ ಹಾಕಿ ಬಂದ ಇಬ್ಬರು ಮೇಷ್ಟ್ರು ಇದ್ದರು. ಹಾಸ್ಟೆಲ್ಲಿನ ನಾಲ್ವರು ಹುಡುಗರಿದ್ದರು. ಜಮೀನು ಉಳುವವರು ಮೂರ್ನಾಲ್ಕು ಮಂದಿ. ಜೊತೆಗೆ, ನಮ್ಮ ತಾಲ್ಲೂಕಿನ ಪುರಸಭೆಯಲ್ಲಿ ಬೀದಿ ಗುಡಿಸುವ ಅಕ್ಕ ಒಬ್ಬರು. ಅಕ್ಕನಿಗೆ ಜಮೀನೂ ಇಲ್ಲ, ಅರ್ಜಿಯೂ ಇಲ್ಲ. 'ನಮ್ಮೋರು ಕೂತವ್ರೆ ಅಂದ್ಮೇಲೆ ನಾನೂ ಕೂತ್ಕತೀನಿ' ಅಂತ ಬಂದವರು.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡಾದ ಮೇಲೆ ಹುಡುಗರು ಜೈಲು ನೋಡಬೇಕೆಂದರು. ಧರಣಿಯ ಜಾಗ ಒಂದು ಕಡೆ, ಹಳೇ ಜೈಲಿನ ಕಟ್ಟಡ ಉಳಿಸಿಕೊಂಡ ಭಾಗ ಇನ್ನೊಂದು ಕಡೆ. ಹೋದೆವು. ನಡುವೆ ಕಾವಲು ಗೋಪುರ. ಅದರ ಸುತ್ತ ಗಾಡಿ ಚಕ್ರದ ಅರೆಗಳ ಹಾಗೆ ಬ್ಯಾರಕ್ಕುಗಳು ಹರಡಿಕೊಂಡಿದ್ದ ಜಾಗ. ಗೋಪುರದಲ್ಲಿ ಒಬ್ಬ ನಿಂತರೆ ಸಾಕು, ಸುತ್ತ ಇರುವ ನೂರಾರು ಜನರ ಮೇಲೆ ಕಣ್ಣಿಡಬಹುದು. ಒಳಗಿರುವವನಿಗೆ ಮಾತ್ರ ತನ್ನನ್ನು ನೋಡುತ್ತಿದ್ದಾರೋ ಇಲ್ಲವೋ ಗೊತ್ತಾಗದು. ಹಾಗಾಗಿ ಅವನು ಸದಾ ನೋಡಿಸಿಕೊಳ್ಳುತ್ತಿರುವವನಂತೆಯೇ ಬದುಕಬೇಕು. ಬೆಂಥಾಮ್ ಎಂಬ ಇಂಗ್ಲಿಷ್ ಪಂಡಿತ 1791ರಲ್ಲಿ ಇಂಥದೊಂದು ನಕ್ಷೆಯನ್ನು ಪುಸ್ತಕ ಮಾಡಿ ಹೊರತಂದಿದ್ದ. ಜಗತ್ತಿನ ಎಷ್ಟೋ ಜೈಲುಗಳು ಅದರ ನೆರಳಿನಲ್ಲಿ ಎದ್ದವು. ನಮ್ಮ ಹುಡುಗನೊಬ್ಬ ಗೋಪುರ ನೋಡುತ್ತಾ 'ನಮ್ಮೂರಲ್ಲಿ ಪಟೇಲರ ಜಗಲಿ ಇದ್ದಂಗಿದೆ' ಅಂದ. ಎಲ್ಲರೂ ನಕ್ಕೆವು. ನಗುವಂಥ ಮಾತೇನೂ ಆಗಿರಲಿಲ್ಲ ಅದು.

ಇನ್ನೊಬ್ಬ ಹುಡುಗ ಕೇಳಿದ: 'ಸಾರ್, ವಾಜಪೇಯಿ ಯಾವ ರೂಮಲ್ಲಿದ್ರು?' ಮೇಷ್ಟ್ರು ತಮಗೆ ತಿಳಿದಷ್ಟು ಹೇಳತೊಡಗಿದರು. ಎಲ್ಲ ಕೇಳಿಸಿಕೊಂಡ ಅಕ್ಕ ಬ್ಯಾರಕ್ಕಿನ ಮೂಲೆ ನೋಡುತ್ತಾ ಮೆಲ್ಲಗೆ ಅಂದರು: 'ಅದಿರ್ಲಿ ಮೇಷ್ಟ್ರೇ, ಇಷ್ಟೊಂದು ಜನ ಇದ್ರಲ್ಲ ಇಲ್ಲಿ, ಇವ್ರ ಕಕ್ಕಸು ಯಾರು ಬಳೀತಿದ್ರು?'

ಮೇಷ್ಟ್ರು ಸುಮ್ಮನಾದರು. ನಾವೂ ಸುಮ್ಮನಾದೆವು. ಈ ಲೇಖನ ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

2

ಈ ಜೈಲಿನ ಬಗ್ಗೆ ನಮಗೆಲ್ಲ ಗೊತ್ತಿರುವ ಕಥೆ ಯಾವುದು? ಮೊದಲು ಅದನ್ನು ನೋಡೋಣ.

ಕಟ್ಟಿದ್ದು 1860ರ ದಶಕದಲ್ಲಿ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಲಿದ್ದಾಗ. 1942ರ ಚಳವಳಿಯಲ್ಲಿ ತಮ್ಮದು ಸ್ವತಂತ್ರ ಹಳ್ಳಿ ಎಂದು ಸಾರಿದ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ಗಲ್ಲಿಗೇರಿಸಿದ್ದು ಈ ಜೈಲಿನಲ್ಲೇ, 1943ರ ಮಾರ್ಚ್ ತಿಂಗಳಲ್ಲಿ. ಆಮೇಲೆ 1975ರ ಜೂನ್ 25. ತುರ್ತುಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ್‌ನಂದನ್ ಮಿಶ್ರರನ್ನು ಮರುದಿನ ಹಿಡಿದು ಇಲ್ಲಿಗೆ ತಂದರು. ನಮ್ಮ ನಾಡಿನ ರಾಮಕೃಷ್ಣ ಹೆಗಡೆ, ದೇವೇಗೌಡರೂ ಇಲ್ಲಿದ್ದವರೇ. ಇವರಲ್ಲಿ ಇಬ್ಬರು ಮುಂದೆ ಪ್ರಧಾನಿಗಳಾದರು, ಒಬ್ಬರು ಉಪಪ್ರಧಾನಿ, ಒಬ್ಬರು ಮುಖ್ಯಮಂತ್ರಿ. 2000ದ ಹೊತ್ತಿಗೆ ಕೈದಿಗಳನ್ನೆಲ್ಲ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. ಖಾಲಿ ಬಿದ್ದ ಜಾಗ ಪಾರ್ಕಾಯಿತು.

ಈ ಕಥೆಯಲ್ಲಿ ಸುಳ್ಳಿಲ್ಲ. ಷಾ ಆಯೋಗದ ಲೆಕ್ಕದಂತೆ ಆ 21 ತಿಂಗಳಲ್ಲಿ ದೇಶದಲ್ಲಿ ಮೀಸಾ ಕಾಯಿದೆಯೊಂದರಲ್ಲೇ 34,988 ಜನರನ್ನು ವಿಚಾರಣೆ ಇಲ್ಲದೆ ಕೂಡಿಹಾಕಿದ್ದರು. ಅದನ್ನು ಮರೆಯಬಾರದು. ಪ್ರಭುತ್ವ ಯಾವತ್ತು ಬೇಕಾದರೂ ಯಾರ ಬಾಯಿ ಬೇಕಾದರೂ ಕಟ್ಟಬಲ್ಲದು ಎಂಬ ಪಾಠ ಅದರಲ್ಲಿದೆ.

ಆದರೆ ಆ ಕಾಲ ನಮ್ಮ ಕೇರಿಗಳಿಗೆ ಒಂದೇ ಮುಖದಲ್ಲಿ ಬರಲಿಲ್ಲ. ಅದೇ ದೇವರಾಜ ಅರಸರ ಸರ್ಕಾರ 1974ರ ಭೂಸುಧಾರಣೆ ತಿದ್ದುಪಡಿಯನ್ನು ಜಾರಿ ಮಾಡುತ್ತಿತ್ತು. ಭೂನ್ಯಾಯಮಂಡಳಿಗಳ ಮುಂದೆ ಗೇಣಿದಾರ ತಲೆ ಎತ್ತಿ ನಿಲ್ಲುತ್ತಿದ್ದ. ಹಾವನೂರು ವರದಿ ಬಂದದ್ದು 1975ರಲ್ಲಿ. ಅದಕ್ಕೂ ಮುಂಚೆ, ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಆಜ್ಞೆ ಮಾಡಿದ್ದರು. 1973ರಲ್ಲಿ 'ಬೂಸಾ' ಎಂಬ ಒಂದು ಮಾತಿಗೆ ಅವರ ಮಂತ್ರಿಗಿರಿಯೇ ಹೋಯಿತು. ಇನ್ನೊಂದು ಕಡೆ ನೋಡಿದರೆ, ದೇಶದಲ್ಲಿ 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಬಲವಂತದ ಏಟು ಬಿದ್ದದ್ದು ಹೆಚ್ಚಾಗಿ ಬಡವರ ಮೈಮೇಲೆ. ಭೂಮಿ ಬಂದದ್ದೂ ನಿಜ, ಕತ್ತಿ ಬಂದದ್ದೂ ನಿಜ. ಈ ಗೋಜಲು ನಾಯಕರ ಜೈಲುಕಥೆಯಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವುದು ಒಳಗಿದ್ದವರು ಒಳ್ಳೆಯವರು, ಹೊರಗಿದ್ದವರು ಸರ್ವಾಧಿಕಾರಿಗಳು ಎಂಬ ಸಲೀಸಾದ ಲೆಕ್ಕ.

ಅದಕ್ಕಿಂತ ದೊಡ್ಡ ತಕರಾರು ನಮ್ಮದು ಬೇರೆ ಇದೆ. ಈ ಜೈಲು ನೂರಮೂವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಅದರಲ್ಲಿ ತುರ್ತುಪರಿಸ್ಥಿತಿ ಎರಡು ವರ್ಷಕ್ಕೂ ಕಡಿಮೆ. ಉಳಿದ ವರ್ಷಗಳಲ್ಲಿ ಈ ಬ್ಯಾರಕ್ಕುಗಳಲ್ಲಿ ಮಲಗಿದವರು ಯಾರು? ಅವರು ಪುಸ್ತಕ ಬರೆದವರಲ್ಲ. ತೆಂಗಿನಕಾಯಿ ಕದ್ದವರು, ಕಳ್ಳಬಟ್ಟಿ ಕಾಯಿಸಿದವರು, ಗೌಡನ ಎದುರು ಮಚ್ಚೆತ್ತಿದವರು, ಏನೂ ಮಾಡದೆ ಸಿಕ್ಕಿಬಿದ್ದವರು, ಜಾಮೀನಿಗೆ ಗತಿಯಿಲ್ಲದೆ ಕೊಳೆತವರು. ನಾಯಕನಿಗೆ ಜೈಲು ಒಂದು ಅಧ್ಯಾಯ. ಆತ ಹೊರಗೆ ಬಂದ ದಿನ ಹೂವಿನ ಹಾರ ಬೀಳುತ್ತದೆ. ನಮ್ಮವನು ಹೊರಗೆ ಬಂದ ದಿನ ಊರಿನವರು 'ಜೈಲಿಗೆ ಹೋಗಿಬಂದ ನನ್ಮಗ' ಅನ್ನುತ್ತಾರೆ.

ಹೊಸ ಜೈಲಿನ ಹೆಸರನ್ನೇ ನೋಡಿ. ಪರಪ್ಪನ ಅಗ್ರಹಾರ! ಸಾವಿರ ವರ್ಷ ಅಗ್ರಹಾರದ ಬೀದಿಗೆ ಕಾಲಿಡಬಾರದು ಎಂದವರ ನಾಡಿನಲ್ಲಿ ನಮ್ಮ ಹುಡುಗರಿಗೆ ಅಗ್ರಹಾರ ಪ್ರವೇಶ ಸಿಕ್ಕಿದ್ದು ಕೈಗೆ ಕೋಳ ತೊಡಿಸಿಕೊಂಡ ಮೇಲೆ. ಇದು ಬರೀ ಮಾತಿನ ಚಮತ್ಕಾರವಲ್ಲ, ಸರ್ಕಾರವೇ ಕೊಟ್ಟ ಅಂಕಿ ಇದೆ. 2021ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ ದೇಶದ ಜೈಲುಗಳಲ್ಲಿದ್ದ 4,78,600 ಜನರಲ್ಲಿ 3,15,409 ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರು. ಅಂದರೆ ನೂರಕ್ಕೆ ಸುಮಾರು 66. 2022ರ ಕೊನೆಗೆ ಒಟ್ಟು ಕೈದಿಗಳು 5,73,220. ಅವರಲ್ಲಿ 4,34,302 ಜನ ವಿಚಾರಣಾಧೀನರು, ಇನ್ನೂ ತಪ್ಪಿತಸ್ಥರೆಂದು ಯಾವ ಕೋರ್ಟೂ ಹೇಳದವರು. ನಾಲ್ವರಲ್ಲಿ ಮೂವರು! ತುರ್ತುಪರಿಸ್ಥಿತಿಯಲ್ಲಿ ವಿಚಾರಣೆ ಇಲ್ಲದೆ ಕೂಡಿಹಾಕಿದ್ದನ್ನು ಕರಾಳ ಅಧ್ಯಾಯ ಅನ್ನುತ್ತೇವೆ. ಈ ನಾಲ್ಕು ಲಕ್ಷ ಚಿಲ್ಲರೆ ಜನರ ಅಧ್ಯಾಯಕ್ಕೆ ಏನನ್ನುವುದು? ಅದಕ್ಕೊಂದು ಹೆಸರೂ ಇಲ್ಲ, ಪಾರ್ಕೂ ಇಲ್ಲ.

3

ಈಗ ಅಕ್ಕನ ಪ್ರಶ್ನೆಗೆ ಬರೋಣ.

ನಮ್ಮ ಕೇರಿಯಲ್ಲಿ ದೊಡ್ಡಪ್ಪನೊಬ್ಬ ಇದ್ದ. ಈಗಿಲ್ಲ. ಹುಣಸೆಹಣ್ಣಿನ ಜಗಳವೊಂದರಲ್ಲಿ ಸಿಕ್ಕಿಬಿದ್ದು ಜಿಲ್ಲಾ ಕೇಂದ್ರವೊಂದರ ಜೈಲಿನಲ್ಲಿ ಮೂರು ತಿಂಗಳು ಇದ್ದು ಬಂದಿದ್ದ. ನಾವು ಹುಡುಗರಾಗಿದ್ದಾಗ ಜೈಲು ಹೇಗಿರ್ತದೆ ಅಂತ ಅವನನ್ನು ಕಾಡುತ್ತಿದ್ದೆವು. ಅವನು ಹೇಳುತ್ತಿದ್ದದ್ದು ಇಷ್ಟೇ: 'ಯಾವ ಜಾತಿ ಅಂದ್ರು. ಹೇಳ್ದೆ. ಪೊರ್ಕೆ ಕೊಟ್ರು.' ಮತ್ತೆ ಕೇಳಿದರೆ ಬೀಡಿ ಹಚ್ಚುತ್ತಿದ್ದ. ಆ ಮೂರು ಮಾತು ಆಗ ನಮಗೆ ಕಥೆ ಅನ್ನಿಸಲೇ ಇಲ್ಲ. ಗಲ್ಲು, ಬೇಡಿ, ಲಾಠಿ ಬೇಕಾಗಿತ್ತು ನಮಗೆ.

ಆ ಮೂರು ಮಾತಿಗೆ ದೇಶದ ಅತಿ ದೊಡ್ಡ ನ್ಯಾಯಾಲಯದ ಸಾಕ್ಷಿ ಸಿಕ್ಕಿದ್ದು 2024ರ ಅಕ್ಟೋಬರ್ 3ರಂದು. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು 2020ರಲ್ಲಿ ವರದಿ ಮಾಡಿದ್ದರು. ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟಿನ ಮುಂದೆ ರಾಜ್ಯ ರಾಜ್ಯಗಳ ಜೈಲು ಕೈಪಿಡಿಗಳು ಬಂದವು. ಅವುಗಳಲ್ಲಿ ಏನಿತ್ತು?

ಪಶ್ಚಿಮ ಬಂಗಾಳದ ನಿಯಮ: ಗುಡಿಸುವವರನ್ನು ಮೇಥರ್ ಅಥವಾ ಹಾಡಿ ಜಾತಿಯಿಂದ ಆರಿಸಬೇಕು. ಚಂಡಾಲ ಮೊದಲಾದ ಜಾತಿಯವರನ್ನೂ ಹಾಕಬಹುದು, ಅವರು ಹೊರಗೆ ಇದ್ದಾಗಲೂ ಆ ಸೀಮೆಯ ರೂಢಿಯಂತೆ ಅದೇ ಕೆಲಸ ಮಾಡುವವರಾಗಿದ್ದರೆ. ಅಡುಗೆ ಮಾಡಿ ಬಡಿಸುವವರು ತಕ್ಕ ಜಾತಿಯವರಾಗಿರಬೇಕು. ಉತ್ತರ ಪ್ರದೇಶದ ನಿಯಮ: ಸಾದಾ ಶಿಕ್ಷೆಯವನಿಗೆ ಹೀನ ಕೆಲಸ ಕೊಡಕೂಡದು, ಅಂಥ ಕೆಲಸ ರೂಢಿಯಾಗಿರುವ ಸಮುದಾಯದವನಾದರೆ ಮಾತ್ರ ಕೊಡಬಹುದು. ಇದು ಯಾವುದೋ ಕಾಲದ ಕಾಗದವಲ್ಲ, 2022ರಲ್ಲಿ ಹೊಸದಾಗಿ ಮಾಡಿದ ಕೈಪಿಡಿ. ಬಂಗಾಳದಲ್ಲಿ ಇನ್ನೂ ಒಂದು ಇತ್ತು. ರಾತ್ರಿ ಕಾವಲಿಗೆ ಆರಿಸುವ ಕೈದಿ ತಪ್ಪಿಸಿಕೊಂಡು ಓಡುವ ಹುಟ್ಟುಗುಣದ ಅಲೆಮಾರಿ ಜಾತಿಯವನಾಗಿರಬಾರದು. 1871ರಲ್ಲಿ ಬ್ರಿಟಿಷರು ಬುಡಕಟ್ಟುಗಳಿಗೆ 'ಅಪರಾಧಿ' ಎಂಬ ಹಣೆಪಟ್ಟಿ ಹಚ್ಚಿದ ಕಾಯಿದೆ 1952ರಲ್ಲಿ ರದ್ದಾಯಿತು. ಹಣೆಪಟ್ಟಿ ಮಾತ್ರ ಜೈಲಿನ ಪುಸ್ತಕದಲ್ಲಿ ಹಾಗೇ ಉಳಿದಿತ್ತು.

ಸುಪ್ರೀಂ ಕೋರ್ಟು ಇವನ್ನೆಲ್ಲ ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಲಂ ತೆಗೆದುಹಾಕಿ, ಮೂರು ತಿಂಗಳಲ್ಲಿ ಕೈಪಿಡಿ ತಿದ್ದಿ ಎಂದು ಆಜ್ಞೆ ಮಾಡಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿದ್ದು 1950ರಲ್ಲಿ. ಅದು ಜೈಲಿನ ಗೋಡೆ ಹತ್ತಿ ಇಳಿಯುವುದಕ್ಕೆ 74 ವರ್ಷ ಹಿಡಿಯಿತು.

ಈ ನಿಯಮಗಳಲ್ಲಿ ಬರುವ 'ರೂಢಿ' ಎಂಬ ಪದವನ್ನು ಗೆಳೆಯರು ದಯಮಾಡಿ ಗಮನಿಸಬೇಕು. ಇದರ ಇನ್ನೊಂದು ತುದಿ ಬೇರೆ ಕಡೆ ಇದೆ. ಬ್ರಿಟಿಷರು 1930ರ ಹೊತ್ತಿಗೆ ಕೈದಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿದರು. ಅಂತಸ್ತು, ವಿದ್ಯೆ ಮತ್ತು ಬದುಕಿದ ರೀತಿಯಿಂದ ಮೇಲುಮಟ್ಟದ ಜೀವನ ರೂಢಿಯಾಗಿರುವವನಿಗೆ ಮೇಲಿನ ದರ್ಜೆ. ಅವನಿಗೆ ಮಂಚ, ಪುಸ್ತಕ, ಬೇರೆ ಊಟ. ಒಂದೇ ಜೈಲು, ಒಂದೇ ಗೋಡೆ, ಒಂದೇ ಪದ. ಮಂಚದ ಮೇಲೆ ಮಲಗಿ ರೂಢಿಯಾದವನಿಗೆ ಮಂಚ. ಪೊರಕೆ ಹಿಡಿದು ರೂಢಿಯಾದವನಿಗೆ ಪೊರಕೆ. ತಪ್ಪು ಏನೇ ಇರಲಿ, ಶಿಕ್ಷೆ ಎಷ್ಟೇ ಇರಲಿ. ಶಿಕ್ಷೆಯನ್ನು ಕೋರ್ಟು ಕೊಡುತ್ತಿತ್ತು, ಕೆಲಸವನ್ನು ಮನು ಕೊಡುತ್ತಿದ್ದ.

ಇದನ್ನೆಲ್ಲ ಮಾಡಿದ್ದು ಬ್ರಿಟಿಷರು ತಾನೇ ಅಂತ ಕೆಲವರು ಕೈತೊಳೆದುಕೊಳ್ಳಬಹುದು. ಚರಿತ್ರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 1840ರ ದಶಕದಲ್ಲಿ ಬ್ರಿಟಿಷರು ಉತ್ತರ ಭಾರತದ ಜೈಲುಗಳಲ್ಲಿ ಎಲ್ಲರಿಗೂ ಒಟ್ಟಿಗೆ ಅಡುಗೆ ಮಾಡಿಸುವ ಏರ್ಪಾಟು ತರಲು ಹೊರಟಾಗ ಮೇಲ್ಜಾತಿಯ ಕೈದಿಗಳು ಗಲಭೆ ಎದ್ದರು. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫರ್‌ಪುರದಲ್ಲಿ ಹಿತ್ತಾಳೆ ಚೊಂಬು ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಟ್ಟಾಗ ಊರಿಗೆ ಊರೇ ಜೈಲಿನ ಮುಂದೆ ನೆರೆಯಿತು. ಚೊಂಬು ವಾಪಸ್ ಬಂತು. ದಬ್ಬಾಳಿಕೆಯ ವಿರುದ್ಧ ಜನ ಎದ್ದರು ಎಂದು ಅದನ್ನು ಹೊಗಳುವವರಿದ್ದಾರೆ. ಹೊಗಳಲಿ. ಆದರೆ ಆ ಜೈಲುಗಳಲ್ಲಿ ಮಲ ಬಳಿಯುತ್ತಿದ್ದವನ ಕೈಗೆ ಪೊರಕೆ ಕೊಟ್ಟಾಗ ಯಾವ ಊರೂ ಜೈಲಿನ ಮುಂದೆ ನೆರೆದದ್ದನ್ನು ನಾವು ಓದಿಲ್ಲ. ಬಿಳಿಯ ದೊರೆಗೂ ಕರಿಯ ಪುರೋಹಿತನಿಗೂ ಜೈಲಿನೊಳಗೆ ಒಪ್ಪಂದವಾಯಿತು. ಚೊಂಬು ನಿನ್ನದು, ಬೀಗ ನನ್ನದು, ಪೊರಕೆ ಮಾತ್ರ ಹೊಲೆಯ ಮಾದಿಗರದು.

4

ಈ ಜೈಲಿನಲ್ಲಿ ಇದ್ದವರ ಬರಹಗಳಲ್ಲಿ ನಾವು ಎರಡನ್ನು ಹೆಸರಿಸುತ್ತೇವೆ. ಅಡ್ವಾಣಿಯವರ ಜೈಲು ಟಿಪ್ಪಣಿಗಳು 1978ರಲ್ಲಿ ಪುಸ್ತಕವಾಗಿ ಬಂದವು. ಅದರ ಹಿಂದಿನ ವರ್ಷ ಸ್ನೇಹಲತಾ ರೆಡ್ಡಿಯವರ ದಿನಚರಿ ಬಂತು. ಮೊದಲನೆಯದರ ಲೇಖಕರು ಮಂತ್ರಿಯಾದರು. ಎರಡನೆಯದರ ಲೇಖಕಿ ಪುಸ್ತಕ ನೋಡಲು ಬದುಕಿರಲಿಲ್ಲ.

ಸ್ನೇಹಲತಾ ಅವರನ್ನು ನಮ್ಮ ಓದುಗರು 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಬಲ್ಲರು. ಅದು 1970ರ ಚಿತ್ರ. ಅಗ್ರಹಾರದವರ ಕಣ್ಣಿಗೆ ಮೈಲಿಗೆಯಾಗಿದ್ದ ಹೆಂಗಸು ಚಂದ್ರಿ. ಹೆಣದ ಎದುರು ಧರ್ಮಶಾಸ್ತ್ರ ಗಂಟು ಬಿದ್ದು ಕೂತಾಗ ಮನುಷ್ಯಳಂತೆ ನಡೆದುಕೊಂಡವಳು ಅವಳೇ. 1976ರ ಮೇ 2ರಂದು ಪೊಲೀಸರು ಸ್ನೇಹಲತಾರನ್ನು ಹಿಡಿದರು. ಜಾರ್ಜ್ ಫರ್ನಾಂಡಿಸರ ಬರೋಡ ಡೈನಮೈಟ್ ಪ್ರಕರಣದ ಶಂಕೆ. ಕೊನೆಗೆ ಆ ಮೊಕದ್ದಮೆಯಲ್ಲಿ ಅವರ ಹೆಸರೂ ಉಳಿಯಲಿಲ್ಲ. ಆದರೂ ಮೀಸಾ ಹಾಕಿ ಎಂಟು ತಿಂಗಳು ಈ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ. ರಾತ್ರಿಯ ನಿಶ್ಶಬ್ದದಲ್ಲಿ ಅವರು ನರಳುವುದು ತಮ್ಮ ಕೋಣೆಗೆ ಕೇಳಿಸುತ್ತಿತ್ತು ಎಂದು ಮಧು ದಂಡವತೆ ಮುಂದೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನ. 20ರಂದು ತೀರಿಕೊಂಡರು.

ಈ ಸಾವನ್ನು ಎಲ್ಲರೂ ನೆನೆಯುತ್ತಾರೆ. ನೆನೆಯಬೇಕು. ನಮಗೆ ಮುಖ್ಯವಾದದ್ದು ಆ ಎಂಟು ತಿಂಗಳಲ್ಲಿ ಅವರು ಏನು ಮಾಡಿದರು ಎಂಬುದು. ಉಸಿರಾಡಲೂ ಕಷ್ಟಪಡುತ್ತಿದ್ದ ಆ ಹೆಂಗಸು ಪಕ್ಕದ ಬ್ಯಾರಕ್ಕಿನ ಮಾಮೂಲಿ ಹೆಂಗಸು ಕೈದಿಗಳ ಕಡೆ ತಿರುಗಿದರು. ಅವರಿಗೆ ಬೀಳುತ್ತಿದ್ದ ಏಟುಗಳನ್ನು ಹೋರಾಡಿ ನಿಲ್ಲಿಸಿದರು. ಸಿ ದರ್ಜೆಯವರ ಊಟ ಸುಧಾರಿಸುವಂತೆ ಮಾಡಿದರು. ಹಾಡಿಸಿದರು, ಆಡಿಸಿದರು. ಅವರಿಗೆ ಮೇಲುಜೀವನ ರೂಢಿಯಾಗಿತ್ತು. ಇಂಗ್ಲಿಷ್, ನಾಟಕ, ಸಿನಿಮಾ, ದೊಡ್ಡವರ ಒಡನಾಟ ಎಲ್ಲ ಇತ್ತು. ಆದರೂ ಅವರ ಕಣ್ಣು ಗೋಪುರದ ಕಣ್ಣಾಗಲಿಲ್ಲ. ತನ್ನ ಸೆರೆಮನೆಯಲ್ಲಿ ಇನ್ನೊಂದು ಸೆರೆಮನೆ ಇದೆ ಎಂದು ಅವರಿಗೆ ಕಂಡಿತು.

ಹೀಗೆ ನೋಡಿದಾಗ ಜೈಲು ಸಾಹಿತ್ಯವನ್ನು ತೂಗುವುದಕ್ಕೆ ನಮಗೊಂದು ತಕ್ಕಡಿ ಸಿಗುತ್ತದೆ. ಬರೆದವರು ಎಷ್ಟು ನೊಂದರು ಎಂಬುದೊಂದೇ ಅಳತೆಯಲ್ಲ. ತಮ್ಮ ಕೋಣೆಯನ್ನು ಗುಡಿಸಿದವರ ಮುಖ ಅವರಿಗೆ ಕಂಡಿತೇ? ತಮ್ಮ ಮಲ ಹೊತ್ತವನ ಹೆಸರು ಕೇಳಿದರೇ? ನಮ್ಮ ದೇಶದ ದೊಡ್ಡ ದೊಡ್ಡ ಜೈಲು ಪುಸ್ತಕಗಳನ್ನು ಈ ಪ್ರಶ್ನೆ ಹಿಡಿದು ಒಮ್ಮೆ ಓದಿ ನೋಡಿ. ಸ್ನೇಹಲತಾರ ದಿನಚರಿಯೂ ಪೂರ್ತಿ ಉತ್ತರ ಕೊಡುವುದಿಲ್ಲ. ಅದು ನೋಡಿದವರ ಬರಹ, ಗುಡಿಸಿದವರದಲ್ಲ. ಗುಡಿಸಿದವರು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂಬುದು ನಮಗೆಲ್ಲ ಗೊತ್ತು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ದಲಿತ ಬಂಡಾಯದ ನಮ್ಮ ಪದ್ಯಗಳಲ್ಲಿ ಬೇಡಿ, ಸಂಕೋಲೆ, ಸೆರೆಮನೆ ಎಷ್ಟು ಬಂದಿವೆ ಎಂದು ಲೆಕ್ಕ ಹಾಕಿದರೆ ಒಂದು ಜೈಲಿಗೆ ಸಾಲುವಷ್ಟು ಕಬ್ಬಿಣ ಸಿಗುತ್ತದೆ. ಎಲ್ಲ ರೂಪಕ! ನಿಜವಾದ ಜೈಲಿಗೆ ಹೋಗಿಬಂದ ದೊಡ್ಡಪ್ಪ ನಮ್ಮ ಜಗಲಿಯ ಮೇಲೇ ಕೂತು ಬೀಡಿ ಸೇದುತ್ತಿದ್ದ. ಅವನ ಮೂರು ಮಾತನ್ನು ನಾವು ಬರೆದುಕೊಳ್ಳಲಿಲ್ಲ. ಅದು ಸಾಹಿತ್ಯ ಅಂತ ನಮಗೂ ಅನ್ನಿಸಲಿಲ್ಲ. ಮೇಲಿನವರು ಕಲಿಸಿದ ಕಣ್ಣಿನಿಂದಲೇ ನಾವೂ ನೋಡುತ್ತಿದ್ದೆವು.

5

ಹಾಗಾದರೆ ಜೈಲನ್ನು ನೋಡುವ ಬೇರೆ ದಾರಿ ಇದೆಯೇ? ಇದೆ. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಎಂಬ ಹಳೇ ಜೈಲಿದೆ. ನಾವು ಅಲ್ಲಿಗೆ ಹೋದವರಲ್ಲ, ಓದಿ ತಿಳಿದದ್ದು. ಗಾಂಧಿ, ಮಂಡೇಲ ಇಬ್ಬರೂ ಅಲ್ಲಿ ಸೆರೆಯಲ್ಲಿದ್ದವರು. ಅಂಥ ಎರಡು ಹೆಸರು ಇಟ್ಟುಕೊಂಡು ಅವರು ಬರೀ ನಾಯಕರ ಗುಡಿ ಕಟ್ಟಬಹುದಾಗಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಕರಿಯ ಕೈದಿಗಳನ್ನು ತುಂಬುತ್ತಿದ್ದ 'ನಂಬರ್ ಫೋರ್' ಎಂಬ ಭಾಗದಲ್ಲಿ ಯಾವ ಬಣ್ಣದವರಿಗೆ ಎಷ್ಟು ಊಟ ಎಂಬ ಪಟ್ಟಿಯನ್ನೇ ನೋಡಲು ಇಟ್ಟಿದ್ದಾರೆ. ಬಿಳಿಯರಿಗೆ ಇಷ್ಟು, ಮಿಶ್ರಜನಾಂಗ ಮತ್ತು ಏಷ್ಯದವರಿಗೆ ಇಷ್ಟು, ಕರಿಯರಿಗೆ ಇಷ್ಟು. ವಿಚಾರಣಾಧೀನ ಕೈದಿಗಳ ಕಟ್ಟಡವನ್ನು ಕೆಡವಿದಾಗ ಅದರ ಇಟ್ಟಿಗೆಗಳನ್ನು ಎಸೆಯಲಿಲ್ಲ. ಅದೇ ಗುಡ್ಡದ ಮೇಲೆ 2004ರಲ್ಲಿ ತೆರೆದ ಸಂವಿಧಾನ ನ್ಯಾಯಾಲಯದ ಗೋಡೆಗೆ ಬಳಸಿದರು. ಅಲ್ಲಿ ಹಳೇ ಇಟ್ಟಿಗೆ ಕಾಣಬೇಕು. ಅನ್ಯಾಯದ ನೆನಪು ಕಣ್ಣಿನ ಮುಂದೆಯೇ ಇರಬೇಕು.

ನಮ್ಮಲ್ಲಿ ಅಂಥ ಪಟ್ಟಿ ಇಡುವುದಾದರೆ ಯಾವುದನ್ನು ಇಡಬೇಕು? ನಮ್ಮ ಉತ್ತರ ಹೀಗಿದೆ. ಒಂದು ಬ್ಯಾರಕ್ಕಿನಲ್ಲಿ ಮೂರೇ ವಸ್ತು ಇರಲಿ. ಒಂದು ಪೊರಕೆ, ಒಂದು ಬಕೆಟ್ಟು, ಜಾತಿಯ ಕಲಂ ಇರುವ ಒಂದು ರಿಜಿಸ್ಟರು. ಪಕ್ಕದಲ್ಲಿ 2024ರ ತೀರ್ಪಿನ ಸಾರಾಂಶ ಕನ್ನಡದಲ್ಲಿ, ಹೈಸ್ಕೂಲು ಹುಡುಗ ಓದುವಷ್ಟು ದೊಡ್ಡ ಅಕ್ಷರದಲ್ಲಿ. ಹಳೇ ಜೈಲುಗಳ ಕೆಲಸದ ರಿಜಿಸ್ಟರುಗಳು ಉಳಿದಿದ್ದರೆ ಅವನ್ನು ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ತೆರೆಯಬೇಕು. ಯಾರ ಕೈಗೆ ಯಾವ ಕೆಲಸ ಹೋಯಿತು ಎಂದು ಹೆಸರು ಹೆಸರಾಗಿ ತಿಳಿಯಬೇಕು. ಸ್ವಾತಂತ್ರ್ಯ ಎಂಬ ಹೆಸರಿಗೆ ಆ ಪಾರ್ಕು ಆಗ ಯೋಗ್ಯವಾಗುತ್ತದೆ.

ಇನ್ನೊಂದು ಮಾತು. ಆ ಪಾರ್ಕಿಗೆ ಅದರ ನಿಜವಾದ ವಾರಸುದಾರರು ಆಗಲೇ ಬಂದು ಹೋಗಿದ್ದಾರೆ. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು, ನಮ್ಮ ಕೆಲಸ ಕಾಯಂ ಮಾಡಿ ಎಂದು ಇದೇ ಫ್ರೀಡಂ ಪಾರ್ಕಿನಲ್ಲಿ ಕೂತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ 11,133 ಜನರನ್ನು ಕಾಯಂ ಮಾಡಲು ಮಂತ್ರಿಮಂಡಲ ಒಪ್ಪಿತು. ಅವರ ಅಜ್ಜ ಮುತ್ತಜ್ಜಂದಿರಲ್ಲಿ ಯಾರ ಕೈಗಾದರೂ ಆ ಗೋಡೆಯ ಒಳಗೆ ಪೊರಕೆ ಸಿಕ್ಕಿರಬಹುದು. ಮೊಮ್ಮಕ್ಕಳು ಅದೇ ಗೋಡೆಯ ಪಕ್ಕ ಪೊರಕೆ ಇಳಿಸಿ ಕೂತರು. ನಮ್ಮ ದೃಷ್ಟಿಯಲ್ಲಿ ಆ ಜೈಲಿನ ಚರಿತ್ರೆಯಲ್ಲಿ ಇದು 1975ಕ್ಕಿಂತ ಸಣ್ಣ ಘಟನೆಯಲ್ಲ.

ನಮ್ಮ ಧರಣಿಯ ದಿನದ ಕೊನೆ ಹೇಳಿ ಮುಗಿಸುತ್ತೇವೆ. ಸಂಜೆ ಹೊತ್ತಿಗೆ ಮನವಿಪತ್ರ ಕೊಟ್ಟಾಯಿತು. ಜಾಗ ಖಾಲಿ ಮಾಡಿ ಎಂದರು. ಊಟದ ಎಲೆ, ನೀರಿನ ಬಾಟಲಿ, ಕರಪತ್ರ ಎಲ್ಲ ಚೆಲ್ಲಾಡಿ ಬಿದ್ದಿದ್ದವು. ನಾವು ಗಂಡಸರು ಬ್ಯಾನರು ಸುತ್ತುತ್ತಾ ಜೈಲಿನ ಬಗ್ಗೆ, ಸಮಾನತೆಯ ಬಗ್ಗೆ ಜೋರಾಗಿ ಮಾತಾಡುತ್ತಿದ್ದೆವು. ತಿರುಗಿ ನೋಡಿದರೆ ಅಕ್ಕ ಒಬ್ಬರೇ ಬಗ್ಗಿ ಎಲೆ ಆಯುತ್ತಿದ್ದಾರೆ. ಯಾರೂ ಹೇಳಿರಲಿಲ್ಲ. ಯಾರಿಗೂ ಬೇರೆ ಅನ್ನಿಸಿಯೂ ಇರಲಿಲ್ಲ. ರೂಢಿ!

ಮೊದಲು ಕಂಡದ್ದು ಪಟೇಲರ ಜಗಲಿಯ ಮಾತು ಆಡಿದ ಹುಡುಗನಿಗೆ. ಓಡಿಹೋಗಿ ಅಕ್ಕನ ಕೈಯಿಂದ ಚೀಲ ಇಸಕೊಂಡ. 'ಅಕ್ಕ, ನೀವು ಕೂತ್ಕಳಿ' ಅಂದ. 'ಬಿಡಪ್ಪ, ನಂಗೆ ಅಭ್ಯಾಸ ಐತೆ' ಅಂದರು ಅಕ್ಕ. 'ಅದಕ್ಕೇ ಕೂತ್ಕಳಿ ಅಂದಿದ್ದು' ಅಂದ ಅವನು. ಮೇಷ್ಟ್ರು ಪ್ಯಾಂಟು ಮಡಿಸಿ ಬಗ್ಗಿದರು. ನಾವೂ ಬಗ್ಗಿದೆವು. ಅಕ್ಕ ಗೋಡೆಗೆ ಒರಗಿ ಕೂತು ಎಲೆಅಡಿಕೆ ಹಾಕಿಕೊಂಡು ನಮ್ಮ ಕೆಲಸ ನೋಡಿದರು. ಸರಿಯಾಗಿ ಗುಡಿಸಲು ನಮಗೆ ಬರುವುದಿಲ್ಲ ಎಂದು ನಕ್ಕರು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರಕೊಂಡು ಬಂದಾಗ ವಿಧಾನಸೌಧ, ಲಾಲ್‌ಬಾಗಿನ ಜೊತೆ ಈ ಜೈಲನ್ನೂ ತೋರಿಸಿ. ಈಸೂರಿನ ಐವರ ಹೆಸರು ಹೇಳಿ. ಸ್ನೇಹಲತಾರ ಕಥೆ ಹೇಳಿ. ನಾಯಕರು ಇದ್ದದ್ದನ್ನೂ ಹೇಳಿ. ಹೇಳಿದ ಮೇಲೆ ಅಕ್ಕನ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಉತ್ತರವನ್ನು ಅವರೇ ಹುಡುಕಲಿ. ಊರಿಗೆ ಹೋದ ಮೇಲೆ ಕೇರಿಯ ಜಗಲಿಯಲ್ಲಿ ಬೀಡಿ ಸೇದುತ್ತಾ ಕೂತ ಮುದುಕರನ್ನು ಕೇಳಲಿ, ಹೇಳಿದ್ದನ್ನು ಬರೆದುಕೊಳ್ಳಲಿ. ಮೂರೇ ಮಾತು ಹೇಳಿದರೂ ಬರೆದುಕೊಳ್ಳಲಿ. ನಾವು ಮಾಡದೆ ಬಿಟ್ಟ ಕೆಲಸ ಅದು.